ನರ್ಸಬಾಯಿ ಮೂಸಿದ ಕೈ

ನಿಪ್ಪಾಣಿಯ ದವಾಖಾನೆಯಲ್ಲಿ ವಯಸ್ಸಾದ ನರ್ಸಬಾಯಿ ನನ್ನ ಮಗಳ ಗಾಯ ನೋಡಿದವರೇ, ಥಟ್ಟನೆ ನನ್ನ ಬಲಗೈ ಹಿಡಿದೆಳೆದು ಮೂಸಿದರು. ನಾನು ಬೆಚ್ಚಿಬಿದ್ದೆ.

ಎಂಬತ್ತರ ದಶಕದ ಮಾತು. ಎರಡು ವರ್ಷದ ಶೋಭಾಳಿಗೆ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲೆಲ್ಲ ಇಸಬು. ತುರಿಸಿ ತುರಿಸಿ ರಕ್ತ ಬರಿಸಿಕೊಳ್ಳುತ್ತಿದ್ದಳು. ಉಗುರು ಕತ್ತರಿಸಿದರೂ ನಿಲ್ಲದಾಗ, ಹಳೆ ಸೀರೆಯಲ್ಲಿ ಪುಟ್ಟ ಚೀಲ ಹೊಲಿದು ಎರಡೂ ಕೈಗೆ ಕಟ್ಟಿಬಿಟ್ಟಿದ್ದೆ. ನಾನು ಬೀಡಿ ಕಟ್ಟಲು ಕೂತಾಗ ಅವಳು ಅಳುತ್ತಿದ್ದಳು. ತಂಬಾಕಿನ ಮೊರ ಬದಿಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವಳಿಗೆ ತುರಿಸಿಕೊಳ್ಳಲಾಗದ ಜಾಗವನ್ನು ನಾನೇ ಮೆಲ್ಲಗೆ ಸವರುತ್ತಿದ್ದೆ. ಆಗ ಇನ್ನೂ ಜೋರಾಗಿ ಚೀರುತ್ತಿದ್ದಳು. ಹಟಮಾರಿ ಎಂದು ಬೈದದ್ದೂ ಉಂಟು.

"ಕೂಸಿನ ಕೈ ಯಾಕ ಕಟ್ಟೀದಿ ತಂಗಿ? ತಂಬಾಕದ ಧೂಳ ನಿನ್ನ ಕೈಯಾಗ ಐತಿ," ಎಂದರು ನರ್ಸಬಾಯಿ, ಚೀಲದ ಗಂಟು ಬಿಚ್ಚುತ್ತ. "ಸಾಬಾಣ ಹಚ್ಚಿ ತೊಳಕೊಂಡು ಮುಟ್ಟು. ಕಡಿತ ಎದ್ದಾಗ ತಣ್ಣೀರಾಗ ಅದ್ದಿ ಹಿಂಡಿದ ಅರಬಿ ಇಡು."

ಕೈ ಬಿಡುಗಡೆಯಾದ ಮಗು ತುರಿಸಿಕೊಳ್ಳಲಿಲ್ಲ. ನನ್ನ ಕಡೆ ಎರಡೂ ಕೈ ಚಾಚಿತು. ಎತ್ತಿಕೊಳ್ಳಲು ನನಗೇ ಧೈರ್ಯ ಬರಲಿಲ್ಲ. ಮೊದಲು ನಳದ ಹತ್ತಿರ ಓಡಿದೆ.

ಹೊಟ್ಟೆಪಾಡು, ಬೀಡಿ ಬಿಡಲಾಗಲಿಲ್ಲ. ಆದರೆ ಅಂದಿನಿಂದ ಮೊಣಕೈವರೆಗೆ ತೊಳೆಯದೆ ಅವಳನ್ನು ಮುಟ್ಟಲಿಲ್ಲ. ಇಸಬು ನಿಧಾನಕ್ಕೆ ಇಳಿಯಿತು. ಈಗ ಬೀಡಿ ಕಟ್ಟುವುದು ನಿಂತು ಎಷ್ಟೋ ವರ್ಷಗಳಾದವು. ಆದರೂ ಶೋಭಾಳ ಮಗನನ್ನು ಎತ್ತಿಕೊಳ್ಳುವ ಮುನ್ನ, ಯಾರಿಗೂ ಕಾಣದಂತೆ, ನನ್ನ ಕೈಯನ್ನು ಒಮ್ಮೆ ಮೂಸಿ ನೋಡುತ್ತೇನೆ.