ತಂಬಿಗಿಗೆ ಸುತ್ತಿದ ತಾಮ್ರದ ನಳಿಗಿ

ಮೊಮ್ಮಗಳು ಕಮಲಾಪುರದಿಂದ ದಿನಾ ಬಸ್ಸಿನ್ಯಾಗ ಕಲಬುರಗಿ ಕಾಲೇಜಿಗೆ ಹೋಗ್ತಾಳ. ಒಂದಿನ ಸೂಪರ್ ಮಾರ್ಕೆಟ್ ಕಡೆ ಫ್ರಿಜ್ ರಿಪೇರಿ ಅಂಗಡಿಯಿಂದ ತಾಮ್ರದ ನಳಿಗಿ ತಂದಳು. ಸೂಜಿ ಸುದ್ದಾ ಹೊಗಲಾರದಂಥ ತೂತು. ಸುರುಳಿ ಆಗಬೇಕಂತ ನನ್ನ ನೀರಿನ ತಂಬಿಗಿಗೆ ಬಿಗಿಯಾಗಿ ಸುತ್ತಿ, ಆಮ್ಯಾಲ ಜಾರಿಸಿ ತಗದಳು.

"ಇದ್ಯಾಕವ್ವಾ?"

"ಯಾವ ಗಾಳಿ ಎಷ್ಟು ಮಂದ ಅದ ನೋಡ್ಲಾಕ, ಆಯಿ. ನೀರು ಜಲ್ದಿ ಹರೀತದ, ಎಣ್ಣಿ ನಿಧಾನ. ಗಾಳಿನೂ ಹಂಗೇ. ಸುರುಳಿಯೊಳಗಿಂದ ಹೊರಗ ಬಂದ ಗಾಳಿ ಗಾಜಿನ ನಳಿಗ್ಯಾಗ ಸಬಕಾರದ ಗುಳ್ಳಿನ್ನ ಎಷ್ಟೊತ್ತಿನ್ಯಾಗ ಮ್ಯಾಲ ಏರಿಸ್ತದ ಅಂತ ನೋಡೋದು."

"ಇದಕ್ಕ ಇಷ್ಟು ಓದಬೇಕೇನು?"

"ರೊಟ್ಟಿ ಬಡಿಲಾಕ ನೀ ಒಂದೇ ದಿನದಾಗ ಕಲ್ತೇನು?" ಅಂದು ನನ್ನ ಬಾಯಿ ಮುಚ್ಚಿಸಿದಳು.

ಮರುದಿನ ಸರ್ ಮುಂದ ಅದನ್ನ ನಡಿಸಿ ತೋರಿಸಬೇಕು, ಇಲ್ಲಂದ್ರ ಪರೀಕ್ಷೆಗೆ ಕೂಡಿಸಂಗಿಲ್ಲ ಅಂದಿದ್ರಂತ.

ಅಮಾಸಿನೂ ಮರುದಿನಾನೇ ಇತ್ತು. ಸೊಸಿ ಹುಣಸಿಹಣ್ಣು ಹಚ್ಚಿ ತಾಮ್ರ, ಹಿತ್ತಾಳಿ ಎಲ್ಲಾ ಬೆಳಗಿದಳು. ತಂಬಿಗಿ ಜೋಡಿ ನಳಿಗಿನೂ. ಬಕೀಟಿನ್ಯಾಗ ಅದ್ದಿ ತೊಳದು ಮಗಳ ಕೈಯಾಗಿಟ್ಟಳು.

"ಕರ್ರಗಾಗಿತ್ತು. ಹಂಗೇ ಒಯ್ದರ ಸರ್ ಏನಂದಾರು?"

ಹುಡುಗಿ ಸುರುಳಿ ಝಾಡಿಸಿದಳು. ತುದಿಗೆ ಹನಿ ಬಂತು. ಅಲ್ಲೇ ಕುಂತಳು.

"ಯವ್ವಾ, ಒಳಗ ನೀರು ಹೋಗ್ಯಾದ. ಗಾಳಿ ಹ್ಯಾಂಗ ದಾಟಬೇಕು?"

ಸೊಸಿ ಕಸಗೊಂಡು ಬಾಯಿ ಹಚ್ಚಿದಳು.

"ಊದಬ್ಯಾಡ! ಉಸುರಿನ್ಯಾಗೂ ನೀರಿರ್ತದ!"

ಸೊಸಿ ನನ್ನ ಕಡೆ ನೋಡಿದಳು. "ಅತ್ತಿ, ನಾ ಇವಳ ವರ್ಷ ಹಾಳ ಮಾಡಿದ್ನೇನ್ರಿ?" ಕಣ್ಣು ತುಂಬಿದ್ವು.

"ಅಳಬ್ಯಾಡ. ಇರೋ ನೀರೇ ಸಾಕಾಗ್ಯಾದ" ಅಂದೆ.

ಹುಡುಗಿ ಸೈಕಲ್ ಪಂಪು ತಂದು ರಬ್ಬರಿನಿಂದ ನಳಿಗಿಗೆ ಜೋಡಿಸಿದಳು. ಸುರುಳಿ ರೊಟ್ಟಿ ಹಂಚಿನ ಮ್ಯಾಲ, ಕೆಳಗ ಸಣ್ಣ ಉರಿ. ಸೊಸಿ ಸೆರಗು ಸಿಗಿಸಿಕೊಂಡು ಪಂಪು ಹೊಡದಳು. ಮೊದಲು ಹನಿ, ಆಮ್ಯಾಲ ಉಗಿ. ಹುಡುಗಿ ತುದಿಗೆ ಕನ್ನಡಿ ಹಿಡಿದಳು, ಮಂಜಾಗಲಿಲ್ಲ.

"ಸಾಕು ಯವ್ವಾ."

ಅಕಿ ನಿಲ್ಲಿಸಲಿಲ್ಲ. ಹುಡುಗಿನೇ ಕೈ ಹಿಡಿದು ನಿಲ್ಲಿಸಬೇಕಾತು.

ಮರುದಿನ ಸಂಜಿಗೆ ಹುಡುಗಿ ಬಂದಾಗ ಸೊಸಿ ರೊಟ್ಟಿ ಬೇಯಿಸ್ತಿದ್ದಳು. ಅಕಿ ತಲಿ ಎತ್ತಲಾರದ ಹಿಟ್ಟು ನಾದಿದಳು. ನಾನೇ ಕೇಳಿದೆ.

"ಆತು ಆಯಿ. ಗುಳ್ಳಿ ಎಲ್ಲೂ ನಿಲ್ಲದ ಏರಿತು. ಪರೀಕ್ಷೆಗೆ ಕೂಡು ಅಂದ್ರು. ಇಷ್ಟು ಫಳಫಳ ಯಾರು ಬೆಳಗ್ಯಾರಂತ ಕೇಳಿದ್ರು ಸರ್."

"ಏನಂದಿ?"

"ನಮ್ಮವ್ವ ಅಂದೆ."

ಸೊಸಿ ಒಲಿ ಕಡೆ ಮುಖ ತಿರುವಿದಳು. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಲಾಕತ್ತಿತ್ತು. ಬ್ಯಾರೆ ದಿನ ಆಗಿದ್ರ ಬೈತಿದ್ದೆ. ಆ ರೊಟ್ಟಿ ನಾನೇ ತಿಂದೆ.