ರಿಪೇರಿ ಚಿಕ್ಕಮ್ಮನ ಡ್ರಾಯರು

ಜೆಚನ್ ಪೇಟೆಯ ಹಿಂದಿನ ಗಲ್ಲಿಯಲ್ಲಿರುವ ಮೆಂಗ್ ಬುನ್ಹಿಯ ಮೊಬೈಲ್ ರಿಪೇರಿ ಅಂಗಡಿ ಎಷ್ಟು ಚಿಕ್ಕದೆಂದರೆ, ಒಳಗೆ ಮೂವರು ನಿಂತರೆ ನಾಲ್ಕನೆಯವರು ಹೊಸ್ತಿಲಲ್ಲೇ ನಿಂತು ಮಾತು ಮುಗಿಸಬೇಕು. ಎಡಗಡೆ ಪಿಲ್ಯೆ ಎಂಬಾಕೆಯ ಒಡೆಂಗ್ ಗಾಡಿ. ಅರೆದ ಮೀನನ್ನು ಕಡ್ಡಿಗೆ ಸಿಕ್ಕಿಸಿ ಕೆಂಪು ಖಾರದಲ್ಲಿ ಕುದಿಸುವ ಅದರ ಘಮ, ರಿಪೇರಿಗೆ ಬಂದ ಫೋನುಗಳಿಗೂ ಹತ್ತಿಕೊಂಡು ಗಿರಾಕಿಗಳ ಮನೆ ಸೇರುತ್ತಿತ್ತು. ಬಲಗಡೆ ಗಣಿತದ ಟ್ಯೂಷನ್ ಕಟ್ಟಡ. ಶಾಲೆ ಬಿಟ್ಟ ಮಕ್ಕಳು ಟ್ಯೂಷನ್ನಿನ ಗಂಟೆ ಹೊಡೆಯುವವರೆಗೆ ಈ ಗಲ್ಲಿಯಲ್ಲೇ ಕಾಯುವುದು. ಗೋಡೆಗೊರಗಿ ಸಾಲಾಗಿ ನಿಂತು, ತಲೆ ಬಗ್ಗಿಸಿ ಫೋನು ನೋಡುತ್ತಿದ್ದ ಅಷ್ಟು ಮಕ್ಕಳಿದ್ದರೂ ಗಲ್ಲಿಯಲ್ಲಿ ಕೇಳುತ್ತಿದ್ದುದು ಪಿಲ್ಯೆಯ ಪಾತ್ರೆ ಕುದಿಯುವ ಸದ್ದು ಮಾತ್ರ.

ಬುನ್ಹಿ ಜಂಗ್ಸನ್ ಬೆಟ್ಟದ ಕಡೆಯವಳು, ಆಲೂಗಡ್ಡೆ ಬೆಳೆಯುವವರ ಮಗಳು. ಹದಿಹರೆಯದಲ್ಲೇ ಗುಮಿಯ ಟಿವಿ ಕಾರ್ಖಾನೆ ಸೇರಿ ಬೆಸುಗೆ ಹಾಕುವುದು ಕಲಿತಳು. ಸಿಮೆಂಟ್ ಲಾರಿ ಓಡಿಸುವ ಮಾತು ಕಡಿಮೆಯ ಒಬ್ಬನನ್ನು ಮೆಚ್ಚಿ ಮದುವೆಯಾಗಿ ಜೆಚನ್‌ಗೆ ಬಂದಳು. ಗಂಡ ಆಡದ ಮಾತನ್ನೂ ತಾನೇ ಆಡುವಷ್ಟು ಬಾಯಿ ಅವಳಿಗಿತ್ತು. ಇಲ್ಲದ್ದೊಂದೇ, ಸುಳ್ಳು ಹೇಳುವ ವಿದ್ಯೆ. ಸುಳ್ಳೊಂದು ನಾಲಗೆಗೆ ಬಂದರೆ ಸಾಕು, ಎರಡೂ ಕಿವಿ ಕೆಂಪಗಾಗುತ್ತಿದ್ದವು. ಕಾರ್ಖಾನೆಯ ಗೆಳತಿಯರು ಅವಳನ್ನು ಸಿಗ್ನಲ್ ಲೈಟು ಎಂದೇ ಕರೆಯುತ್ತಿದ್ದರು. ಇಂಥವಳು ಐವತ್ತು ದಾಟಿದ ಮೇಲೆ ಗಲ್ಲಿಯ ಮಕ್ಕಳಿಗೆಲ್ಲ ಸುಳ್ಳು ಹೇಳುವ ಉಸಾಬರಿ ಮೈಮೇಲೆ ಹಾಕಿಕೊಂಡಳು.

ಶುರುವಾದದ್ದು ದಾನ್ಬಿಯಿಂದ. ಐದನೇ ಕ್ಲಾಸಿನ ಹುಡುಗಿ, ತೆಳ್ಳನೆಯ ಮುಖ, ಕಣ್ಣಿನ ಕೆಳಗೆ ಮಸಿ ಬಳಿದಂತೆ ಕಪ್ಪು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲಿಂದ ಫೋನು ಬೀಳಿಸಿಕೊಂಡು, ಅಪಘಾತವಾದ ಮಗುವನ್ನು ಎತ್ತಿಕೊಂಡು ಬಂದವಳ ಹಾಗೆ ಓಡಿ ಬಂದಳು.

"ಚಿಕ್ಕಮ್ಮ, ಬೇಗ, ಬೇಗ! ಈಗಲೇ ಆಗ್ಬೇಕು!"

"ಡಿಸ್‌ಪ್ಲೇ ಒಡೆದಿದೆ ಅಷ್ಟೇ ಕಣೇ. ಟ್ಯೂಷನ್ ಮುಗಿಸ್ಕೊಂಡು ಬಾ, ರೆಡಿ ಇರುತ್ತೆ."

ಹುಡುಗಿ ಹೋದ ಬೆನ್ನಿಗೇ ಅವಳ ತಾಯಿ ಬಂದಳು. ಮೂಲೆಯ ಹೇರ್ ಸಲೂನಿನಲ್ಲಿ ಕೆಲಸ ಮಾಡುವವಳು, ಏಪ್ರನ್ ಮೇಲೆ ಕತ್ತರಿಸಿದ ಕೂದಲು ಹಾಗೇ ಇತ್ತು. ಸಲೂನಿನ ಗಾಜಿನ ಮೂಲಕ ಮಗಳನ್ನು ನೋಡಿದ್ದಳು.

"ಅಕ್ಕಾ, ನಿಮಗೆ ಕೈ ಮುಗಿತೀನಿ, ಅದನ್ನ ಬೇಗ ರಿಪೇರಿ ಮಾಡ್ಬೇಡಿ."

"ಇದೊಳ್ಳೆ ಕಥೆ! ರಿಪೇರಿ ಮಾಡ್ಬೇಡಿ ಅನ್ನೋ ಗಿರಾಕೀನ ಇವತ್ತೇ ನೋಡ್ತಿರೋದು."

"ನಗ್ಬೇಡಿ ಅಕ್ಕ. ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ. ಊಟಕ್ಕೆ ಕರೆದ್ರೆ ಸಿಡುಕ್ತಾಳೆ. ಗ್ರೂಪಲ್ಲಿ ಯಾರೋ ಏನೋ ಹಾಕಿದ್ರು ಅಂತ ಅಳ್ತಾಳೆ, ಹಾಕ್ಲಿಲ್ಲ ಅಂದ್ರೂ ಅಳ್ತಾಳೆ. ಎದೆ ಡವಡವ ಅನ್ನುತ್ತೆ ಅಂತಾಳೆ. ಇಷ್ಟು ಚಿಕ್ಕ ಹುಡುಗಿ! ನಾನು ಕಿತ್ಕೊಂಡ್ರೆ ನಾನೇ ರಾಕ್ಷಸಿ. ಪಾರ್ಟ್ ಬಂದಿಲ್ಲ ಅನ್ನಿ, ಸಿಯೋಲ್‌ನಿಂದ ಬರಬೇಕು ಅನ್ನಿ. ಒಂದೆರಡು ವಾರ."

ಬುನ್ಹಿ ಆಗುವುದಿಲ್ಲ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಕಣ್ಣು ಹೊರಗೆ ಹೋಯಿತು. ದಾನ್ಬಿ ಟ್ಯೂಷನ್ ಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು. ಅವಳ ಹೆಬ್ಬೆರಳು ಬರಿದಾದ ಅಂಗೈಯ ಮೇಲೆ ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ ತನ್ನಷ್ಟಕ್ಕೆ ಉಜ್ಜುತ್ತಿತ್ತು. ಬುನ್ಹಿ ಫೋನನ್ನು ಆಫ್ ಮಾಡಿ ಡ್ರಾಯರಿಗೆ ಹಾಕಿದಳು.

ಮೊದಲ ಸುಳ್ಳು ಹೇಗೋ ದಾಟಿತು. ಎರಡನೇ ದಿನ ದಾನ್ಬಿ ಸ್ಟೂಲಿಗೆ ಒದ್ದಳು. ಜೇಬಿನಲ್ಲಿ ಏನೂ ಇಲ್ಲದಿದ್ದರೂ ಏನೋ ಗುರ್ ಎಂದಂತಾಗಿ ಪದೇ ಪದೇ ಕೈ ಹಾಕಿ ನೋಡಿಕೊಂಡಳು. "ಎಲ್ರೂ ನನ್ನ ಬಗ್ಗೆನೇ ಮಾತಾಡ್ತಿರ್ತಾರೆ, ನಾನು ಉತ್ತರ ಕೊಡದಿದ್ರೆ ಮುಗೀತು" ಎಂದು ಗೊಣಗಿದಳು. ಆಮೇಲಿನ ದಿನಗಳಲ್ಲಿ ಬುನ್ಹಿಯ ಸುಳ್ಳುಗಳು ಸೊರಗತೊಡಗಿದವು. ಪಾರ್ಟ್ ಬಂತು, ಆದರೆ ಬೇರೆ ಮಾಡೆಲಿನದು ಎಂದಳು. ವಾಪಸು ಕಳಿಸಿದ್ದೇನೆ ಎಂದಳು. ಕೊನೆಗೆ, ಲಾರಿ ಹಿಮದಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದುಬಿಟ್ಟಳು.

"ಹಿಮ ಎಲ್ಲಿ ಬಿತ್ತು ಚಿಕ್ಕಮ್ಮ? ಇನ್ನೂ ಪರ್ಸಿಮನ್ ಹಣ್ಣೇ ಮಾಗಿಲ್ಲ."

"ಬೆಟ್ಟದ ಕಡೆ... ಮೇಲ್ಗಡೆ... ಬೀಳುತ್ತಮ್ಮ."

"ನಿಮ್ಮ ಕಿವಿಗೆ ಏನಾಯ್ತು?"

"ಹೀಟರ್ ಬಿಸಿ!"

ಪಕ್ಕದ ಗಾಡಿಯಿಂದ ಪಿಲ್ಯೆ, "ಹೀಟರ್ ನಾನು ಬೇಸಿಗೆಯಲ್ಲೇ ಒಯ್ದಿದೀನಲ್ಲೇ" ಎನ್ನಲು ಬಾಯಿ ತೆರೆದಳು. ಬುನ್ಹಿ ಕಣ್ಣಲ್ಲೇ ಅವಳ ಬಾಯಿ ಹೊಲಿದಳು.

ಕಾಯುತ್ತ ಕೂತ ಹುಡುಗಿಗೆ ಬೇಸರ ಹತ್ತಿತು, ಬೇಸರ ಜಾಸ್ತಿಯಾಗಿ ಬಾಯಿ ಬಿಚ್ಚಿಕೊಂಡಿತು. ಒಂದು ದಿನ ಹಳ್ಳಿಯ ಮುದುಕನೊಬ್ಬ ಸಾರಿಗೆ ಹಾಕುವ ಹುದುಗಿಸಿದ ಸೋಯಾ ಮುದ್ದೆಯ ಜಾಡಿಯೊಳಗೆ ಬಿದ್ದ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ತಂದ. ಅಂಗಡಿ ತುಂಬ ಗಬ್ಬು.

"ಅಜ್ಜಾ," ಎಂದಳು ದಾನ್ಬಿ ಮೂಗು ಮುಚ್ಚಿಕೊಂಡು, "ಇದನ್ನ ರಿಪೇರಿ ಮಾಡ್ಬೇಕೋ, ಸಾರು ಮಾಡ್ಬೇಕೋ?"

ಮುದುಕ ಒಂದು ಗಳಿಗೆ ಅವಳನ್ನು ದುರುಗುಟ್ಟಿ ನೋಡಿದ. "ಮೊದಲು ಸಾರು ಮಾಡು ಮಗಳೇ. ಫೋನು ನನ್ನ ಹೆಂಡತೀದು, ಅವಸರ ಇಲ್ಲ" ಎಂದ. ದಾನ್ಬಿ ನಕ್ಕಳು. ಹೊಟ್ಟೆ ಹಿಡಿದು, ಬಿಕ್ಕಳಿಕೆ ಬರುವವರೆಗೆ ನಕ್ಕಳು. ಆ ಹುಡುಗಿಗೆ ಎಡಗಡೆ ಒಂದು ಹಲ್ಲಿಲ್ಲವೆಂದು ಬುನ್ಹಿಗೆ ಅವತ್ತೇ ಗೊತ್ತಾದದ್ದು.

ಅಂದಿನಿಂದ ಗಿರಾಕಿಗಳನ್ನು ವಿಚಾರಿಸುವುದು ದಾನ್ಬಿಯ ಕೆಲಸವಾಯಿತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಬುನ್ಹಿ ಬಿಡಿ ನಟ್ಟುಗಳ ಡಬ್ಬಿಯಿಂದ ಐದು ನಟ್ಟು ಆರಿಸಿ, ಮೇಲೆಸೆದು ಹಿಡಿಯುವ ಅಣ್ಣೆಕಲ್ಲು ಆಡಲು ಕೂರಿಸಿಕೊಳ್ಳುತ್ತಿದ್ದಳು. ಚಿಕ್ಕವಳೆಂದು ಒಂದಾಟವನ್ನೂ ಬಿಟ್ಟುಕೊಡುತ್ತಿರಲಿಲ್ಲ. "ಮೋಸ! ಮೋಸ!" ಎಂದು ದಾನ್ಬಿ ಕಿರುಚಿದರೆ ಗೋಡೆಗೊರಗಿದ್ದ ತಲೆಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಮನೆಯಲ್ಲಿ ಹುಡುಗಿ ಎರಡನೇ ಬಟ್ಟಲು ಅನ್ನ ಕೇಳಿದಳೆಂದು ತಾಯಿ ಸಲೂನಿನಲ್ಲಿ ಹೇಳಿಕೊಂಡಳು. ಸಲೂನಿನಲ್ಲಿ ಹೇಳಿದ ಮಾತು ಊರಲ್ಲಿ ಹರಡಲು ಎಷ್ಟು ಹೊತ್ತು? ಒಬ್ಬೊಬ್ಬರೇ ತಾಯಂದಿರು ಸದ್ದಿಲ್ಲದೆ ಬಂದರು. ಒಬ್ಬಳ ಮಗನ ಫೋನಿಗೆ ಬ್ಯಾಟರಿ ಸಿಗದಾಯಿತು, ಇನ್ನೊಬ್ಬಳ ಮಗಳದಕ್ಕೆ ಸ್ಪೀಕರ್. ಡ್ರಾಯರು ತುಂಬಿತು, ಅಂಗಡಿಯೂ ತುಂಬಿತು. ಬುನ್ಹಿಯ ಕಿವಿಗಳು ಮಾತ್ರ ಬಿಳಿಯಾದದ್ದೇ ಇಲ್ಲ.

ಕೊನೆಗೆ ಬಂದವನು ಮೂರನೇ ಕ್ಲಾಸಿನ ಜೆಗು. ಅವನ ಫೋನಿನ ಚಾರ್ಜಿಂಗ್ ಹೋಗಿದೆ, ಜೀವವೇ ಇಲ್ಲ ಎಂದು ತಾಯಿ ಅವನಿಗೆ ಹೇಳಿ, ಅದನ್ನು ಬುನ್ಹಿಗೆ ಕೊಟ್ಟುಹೋಗಿದ್ದಳು. ಆಗ ಗಿರಾಕಿಗಳ ಗಡಿಬಿಡಿ. ಬುನ್ಹಿ ಅದನ್ನು ಆಫ್ ಮಾಡಲು ಮರೆತು ಹಾಗೆಯೇ ಡ್ರಾಯರಿಗೆ ತಳ್ಳಿದ್ದಳು. ಸಂಜೆ ಮಕ್ಕಳೆಲ್ಲ ನಟ್ಟುಗಳ ಸುತ್ತ ಬಗ್ಗಿ ಕೂತಿದ್ದಾಗ ಡ್ರಾಯರಿನೊಳಗಿಂದ ಒಂದು ಹುಂಜ ಕೂಗಿತು.

ಕೊಕ್ಕೊಕ್ಕೋ! ಕೊಕ್ಕೊಕ್ಕೋ!

"ನನ್ನ ಟ್ಯೂಷನ್ ಅಲಾರಂ!" ಎಂದ ಜೆಗು ಹಿಗ್ಗಿನಿಂದ. ಮರುಕ್ಷಣ ಅವನ ಮುಖ ಬಾಡಿತು. "ಸತ್ತೋಗಿತ್ತಲ್ಲ?"

ಹುಂಜ ಕೂಗುತ್ತಲೇ ಇತ್ತು. ದಾನ್ಬಿ ನಿಧಾನವಾಗಿ ತಲೆಯೆತ್ತಿ ಬುನ್ಹಿಯ ಕಿವಿಗಳನ್ನು ನೋಡಿದಳು.

"ನಂದೂ ಸರಿ ಇದೆಯಾ ಚಿಕ್ಕಮ್ಮ?"

ಇನ್ನೊಂದು ಸುಳ್ಳಿಗೆ ಬುನ್ಹಿಯಲ್ಲಿ ತ್ರಾಣವಿರಲಿಲ್ಲ. "ಇದೆ ಮರೀ. ಮೊದಲನೇ ದಿನಾನೇ ಡಿಸ್‌ಪ್ಲೇ ಹಾಕಿಟ್ಟಿದ್ದೆ."

ಅವಳು ಡ್ರಾಯರು ತೆಗೆದು ಒಬ್ಬೊಬ್ಬರದನ್ನೂ ಅವರವರ ಕೈಗೆ ಕೊಟ್ಟಳು. ಬೇರೆ ಮಕ್ಕಳು ಕೂಗಾಡಿದರು, ಜೆಗು "ದೊಡ್ಡೋರು ಸುಳ್ಳು ಹೇಳ್ಬಹುದಾ?" ಎಂದು ಹೊಸ್ತಿಲಲ್ಲಿ ನಿಂತು ಲೋಕವನ್ನೇ ಕೇಳಿದ. ದಾನ್ಬಿ ಫೋನು ತೆಗೆದುಕೊಂಡು, ಎಂದಿನಂತೆ ತಲೆ ಬಗ್ಗಿಸಿ ನಮಸ್ಕರಿಸುವುದನ್ನೂ ಬಿಟ್ಟು ಹೊರಟುಹೋದಳು. ಅದೇ ಬುನ್ಹಿಗೆ ಹೆಚ್ಚು ನಾಟಿದ್ದು.

ಮರುದಿನ ಗಲ್ಲಿ ಮತ್ತೆ ತಣ್ಣಗಾಯಿತು. "ನೋಡು, ಈಗ ನನ್ನ ಪಾತ್ರೆ ಸದ್ದು ನನಗೇ ಕೇಳ್ತಿದೆ" ಎಂದಳು ಪಿಲ್ಯೆ. "ಅವ್ರಮ್ಮಂದಿರ ಮಾತು ಕೇಳ್ಕೊಂಡು ನೀನ್ಯಾಕೆ ಹೊಂಡಕ್ಕೆ ಬಿದ್ದೆ?"

"ಒಳ್ಳೇದಕ್ಕೇ ಮಾಡಿದ್ದು ಅಕ್ಕ."

"ಒಳ್ಳೇದಕ್ಕೆ ಮಾಡಿದ್ಯೋ, ಕೆಟ್ಟದ್ದಕ್ಕೆ ಮಾಡಿದ್ಯೋ, ಆ ಮಗೂನ ಕೇಳಿ ಮಾಡ್ಲಿಲ್ವಲ್ಲೇ."

ಆ ಮಾತು ಬುನ್ಹಿಯನ್ನು ಕೂರಲು ಬಿಡಲಿಲ್ಲ. ಟ್ಯೂಷನ್ ಬಿಡುವ ಹೊತ್ತಿಗೆ ಅವಳು ಆ ಕಟ್ಟಡದ ಬಾಗಿಲಲ್ಲಿ ಹೋಗಿ ನಿಂತಳು. ದಾನ್ಬಿ ಬಂದಾಗ, ಹಿರಿಯರಿಗೆ ಬಗ್ಗುವ ಹಾಗೆ ಸೊಂಟ ಬಗ್ಗಿಸಿದಳು. ಹೋಗಿಬರುವವರು ನಿಂತು ನೋಡಿದರು.

"ನಿನ್ನ ಹತ್ರ ಸುಳ್ಳು ಹೇಳಿದ್ದು ತಪ್ಪು. ನಿಮ್ಮಮ್ಮ ಕೇಳಿದ್ರು, ನಿಜ. ಆದ್ರೆ ಹೇಳಿದ್ದು ನನ್ನ ಬಾಯಿ. ಇನ್ಮೇಲೆ ಹೇಳಲ್ಲ. ಕ್ಷಮಿಸಮ್ಮ."

ದಾನ್ಬಿ ಬೂಟಿನ ತುದಿ ನೋಡುತ್ತ ನಿಂತು, "ಎಲ್ರೂ ನೋಡ್ತಿದಾರೆ, ಏಳಿ ಚಿಕ್ಕಮ್ಮ" ಎಂದಷ್ಟೇ ಹೇಳಿ ಓಡಿಹೋದಳು. ಬುನ್ಹಿ ಅದೇ ಕಾಲಲ್ಲಿ ಸಲೂನಿಗೆ ಹೋಗಿ, ತನ್ನಿಂದ ಇನ್ನು ಈ ಕೆಲಸವಾಗದು ಎಂದು ಹೇಳಿ ಬಂದಳು.

ಶನಿವಾರ, ಭಾನುವಾರ ಕಳೆದವು. ಸೋಮವಾರ ದಾನ್ಬಿ ಬಂದಳು. ಕಣ್ಣಿನ ಕೆಳಗಿನ ಮಸಿ ವಾಪಸು ಬಂದಿತ್ತು. ಸ್ಟೂಲಿನ ಮೇಲೆ ಕೂತಳು.

"ಎಲ್ಲ ಓದಿದೆ," ಎಂದಳು. "ಗ್ರೂಪಲ್ಲಿ ಸಾವಿರಾರು ಮೆಸೇಜು. ಎರಡೂ ದಿನ ಓದಿದೆ. ನನ್ನ ಬಗ್ಗೆ ಕೆಟ್ಟದಾಗಿ ಏನಾದ್ರೂ ಅಂದಿದಾರಾ ಅಂತ ಹುಡುಕಿದೆ."

"ಅಂದಿದ್ರಾ?"

"ಇಲ್ಲ. ನಾನಿಲ್ಲ ಅಂತಾನೇ ಯಾರಿಗೂ ಗೊತ್ತಿಲ್ಲ." ಅವಳು ಅಂಗೈಯಿಂದ ಜೇಬು ಒತ್ತಿ ಹಿಡಿದಳು. "ಯೊಂಜು ಒಬ್ಬಳೇ ಕೇಳಿರೋದು. ದಾನ್ಬಿಗೆ ಹುಷಾರಿಲ್ವಾ ಅಂತ. ಅದಕ್ಕೂ ಯಾರೂ ಉತ್ತರ ಕೊಟ್ಟಿಲ್ಲ. ಅವಳ ಜೊತೆ ನಾನು ಸರಿಯಾಗಿ ಮಾತಾಡಿದ್ದೇ ಇಲ್ಲ ಚಿಕ್ಕಮ್ಮ. ಇಷ್ಟು ದಿನ ನಾನು ಹೆದರಿದ್ದು ಯಾರಿಗೆ?"

ಹುಡುಗಿ ಅತ್ತಳು. ಬುನ್ಹಿ ಪಿಲ್ಯೆಯಿಂದ ಒಡೆಂಗಿನ ಬಿಸಿ ಸಾರು ಒಂದು ಲೋಟ ತಂದು ಅವಳ ಕೈಗಿಟ್ಟು, ಪಕ್ಕದಲ್ಲಿ ಕೂತಳು. ಲೋಟ ಖಾಲಿಯಾದ ಮೇಲೆ ದಾನ್ಬಿ ಮೂಗೊರೆಸಿಕೊಂಡು ಫೋನನ್ನು ಮೇಜಿನ ಮೇಲಿಟ್ಟಳು.

"ಇಲ್ಲೇ ಇರ್ಲಿ, ಟ್ಯೂಷನ್ ಮುಗಿಯೋವರೆಗೂ. ಆದ್ರೆ ನಾನು ಕೇಳಿದ್ರೆ ತಕ್ಷಣ ಕೊಡ್ಬೇಕು."

"ಕೊಡ್ತೀನಿ."

"ಅಮ್ಮ ಬೇಡ ಅಂದ್ರೂ?"

"ಅಂದ್ರೂ."

"ಸುಳ್ಳು?"

"ನನ್ನ ಕಿವಿ ನೋಡ್ಕೋ."

ಮೊದಲ ವಾರ ದಾನ್ಬಿ ಗಳಿಗೆಗೊಮ್ಮೆ ಫೋನು ಕೇಳಿದಳು. ಬುನ್ಹಿ ಕೇಳಿದಾಗಲೆಲ್ಲ ಕೊಟ್ಟಳು. ಅವಳು ನೋಡಿ, ಮುಖ ಸಿಂಡರಿಸಿ ವಾಪಸಿಡುತ್ತಿದ್ದಳು. ಕೆಲವು ದಿನ ವಾಪಸಿಡಲಿಲ್ಲ, ಗೋಡೆಗೊರಗಿ ನಿಂತುಬಿಟ್ಟಳು. ಆಗಲೂ ಬುನ್ಹಿ ಏನೂ ಅನ್ನಲಿಲ್ಲ. ಹಾಗಂತ ತೆಪ್ಪಗಿದ್ದಳೆಂದಲ್ಲ, ಜೆಗುವಿನ ಜೊತೆ ಬೇಕಂತಲೇ ಜೋರಾಗಿ ಅಣ್ಣೆಕಲ್ಲು ಆಡುತ್ತ "ಅಯ್ಯೋ, ಇವನು ದಾನ್ಬಿಗಿಂತ ಚೆನ್ನಾಗಿ ಆಡ್ತಾನಪ್ಪ!" ಎನ್ನುತ್ತಿದ್ದಳು. ಜೆಗು ಹಿಂದಿನ ಮೋಸವನ್ನು ಒಂದು ಕಡ್ಡಿ ಒಡೆಂಗಿಗೆ ಕ್ಷಮಿಸಿದ್ದ. ಯೊಂಜು ಎಂಬ ದುಂಡು ಮುಖದ ಹುಡುಗಿಯೂ ಒಂದು ದಿನ ದಾನ್ಬಿಯ ಹಿಂದೆ ನಾಚುತ್ತ ಬಂದಳು. ನಾಚಿಕೆ ಎರಡು ದಿನಕ್ಕೆ ಮುಗಿಯಿತು. ಆಮೇಲೆ ಗಲ್ಲಿಯಲ್ಲಿ ಅತಿ ದೊಡ್ಡ ಗಂಟಲು ಅವಳದೇ.

ಚಳಿಗಾಲ ಕಳೆದು ಚೆರ್ರಿ ಮರಗಳು ಮೊಗ್ಗಾದಾಗ ದಾನ್ಬಿಯೇ ಒಂದು ಯೋಚನೆ ತೆಗೆದಳು. ಎಲ್ಲರೂ ರೈಲಿನಲ್ಲಿ ಸಮುದ್ರಕ್ಕೆ ಹೋಗಬೇಕು. ಸಲೂನಿನ ತಾಯಿ ರಜೆ ಹಾಕಿದಳು, ಪಿಲ್ಯೆ ಗಾಡಿ ಮುಚ್ಚಿದಳು. ಬುನ್ಹಿಯ ಗಂಡ, ಸಾವಿರಾರು ಮೈಲಿ ಲಾರಿ ಓಡಿಸಿದವನು, "ರೈಲಲ್ಲಿ ನಾನ್ಯಾಕೆ?" ಎಂದು ಇಡೀ ವಾರದ ಮಾತನ್ನು ಒಂದೇ ಸಲ ಆಡಿದ. ಆದರೂ ಮೊದಲು ಸ್ಟೇಷನ್ನಿಗೆ ಬಂದು ನಿಂತವನು ಅವನೇ. ಬೇಯಿಸಿದ ಮೊಟ್ಟೆಯ ಚೀಲ ಅವನ ಕೈಯಲ್ಲಿತ್ತು.

ಫೋನುಗಳು ಜೇಬುಗಳಲ್ಲಿದ್ದವು. ಯಾರೂ ಬೇಡ ಎಂದಿರಲಿಲ್ಲ. ಜೆಗು ಸುರಂಗಗಳನ್ನು ಎಣಿಸಹೊರಟು ಮಧ್ಯದಲ್ಲೇ ಲೆಕ್ಕ ತಪ್ಪಿ, ಎಲ್ಲರನ್ನೂ ಬೈದ. ಸಮುದ್ರ ಮೊದಲು ಯಾವ ಕಡೆಯ ಕಿಟಕಿಗೆ ಬರುತ್ತದೆ ಎಂದು ದಾನ್ಬಿಗೂ ಯೊಂಜುವಿಗೂ ಜಗಳ ಹತ್ತಿತು. ಎಡಗಡೆ ಎಂದಳು ಒಬ್ಬಳು, ಬಲಗಡೆ ಎಂದಳು ಇನ್ನೊಬ್ಬಳು. ಬೋಗಿಯ ತುಂಬ ಪಕ್ಷಗಳಾದವು. ಅಪರಿಚಿತ ಮುದುಕಿಯರು ಕೂಡ ಸೇರಿಕೊಂಡರು. ಫೋನಿನಲ್ಲಿ ನಕ್ಷೆ ತೆಗೆದು ನೋಡಿದ್ದರೆ ಒಂದು ಗಳಿಗೆಯಲ್ಲಿ ಇತ್ಯರ್ಥವಾಗುತ್ತಿತ್ತು, ಆದರೆ ಜಗಳದ ಬಿಸಿಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಬುನ್ಹಿ ಕಿಟಕಿಗೆ ಹಣೆಯೊತ್ತಿ, ತಲೆ ಸುತ್ತುತ್ತಿದೆ ಎಂದು ಕಣ್ಣು ಮುಚ್ಚಿ ಕೂತಿದ್ದಳು.

"ಚಿಕ್ಕಮ್ಮ! ಚಿಕ್ಕಮ್ಮ! ಕಣ್ಣು ಬಿಡಿ!" ದಾನ್ಬಿ ಅವಳ ತೋಳು ಹಿಡಿದು ಅಲ್ಲಾಡಿಸಿದಳು. "ಬಂತು! ನಾನು ಸೋತೆ, ಆ ಕಡೆ ಬಂತು! ಎಷ್ಟು ದೊಡ್ಡದಿದೆ ನೋಡಿ!"

ಬುನ್ಹಿ ಕಣ್ಣು ಬಿಟ್ಟಳು. ಮಕ್ಕಳೆಲ್ಲ ಒಂದೇ ಕಿಟಕಿಗೆ ಮುಗಿಬಿದ್ದಿದ್ದರಿಂದ ಅವಳಿಗೆ ಸಮುದ್ರ ಕಾಣಲೇ ಇಲ್ಲ. ಕಂಡದ್ದು ಬರೀ ಬೆನ್ನುಗಳು, ಬ್ಯಾಗುಗಳು, ಯೊಂಜುವಿನ ಕೈಯಲ್ಲಿ ಅರ್ಧ ಸುಲಿದ ಒಂದು ಮೊಟ್ಟೆ.

"ಸರ್ಕೊಳ್ರೋ ಸ್ವಲ್ಪ, ನಾನೂ ನೋಡ್ಬೇಕು!" ಎಂದು ಅವಳು ಎದ್ದು ನಿಂತು ಆ ಗುಂಪಿನೊಳಗೆ ನುಗ್ಗಿದಳು.