ಬೆಳ್ಳಿಗೆ ಇಳಿದ ಕೆಂಪು

ಆ ಬ್ಯೂಟಿ ಪಾರ್ಲರಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಂಡವರ ತಲೆಗೆ ಬಣ್ಣ ಹಾಕಿ ಹಾಕಿ ಉಗುರಿನ ಸಂದಿಯಲ್ಲಿ ಸದಾ ಯಾವುದಾದರೊಂದು ಬಣ್ಣ ಉಳಿದಿರುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಬಣ್ಣದಕ್ಕ. ಒಂದೇ ಬಣ್ಣ ಬಳಿಯುವುದು ಯಾರಿಗೆ ಬಾರದು? ಒಂದೇ ತಲೆಯಲ್ಲಿ ಮೂರು ಬಣ್ಣ ನಿಲ್ಲಿಸಿ, ಒಂದರ ಮೈಮೇಲೆ ಇನ್ನೊಂದು ಹರಿಯದಂತೆ ಕಾಯುವುದರಲ್ಲಿ ಅವಳದು ಎತ್ತಿದ ಕೈ.

ಅಮ್ಮ ತೀರಿಕೊಂಡಾಗ ತಂಗಿಗೆ ಏಳು ವರ್ಷ. ಆ ಪುಟ್ಟಿಯನ್ನು ಸಾಕಿ ಸಲಹಿ, ಓದು ತಲೆಗೆ ಹತ್ತದಿದ್ದಾಗ ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಕೆಲಸ ಕಲಿಸಿದವಳು ಬಣ್ಣದಕ್ಕನೇ. "ಕೆಂಪು ಮಹಾ ಕಿಡಿಗೇಡಿ ಕಣೇ. ಮೊದಲು ಅದನ್ನೊಂದೇ ತಣ್ಣೀರಲ್ಲಿ ತೊಳಿ. ಬೆಳ್ಳಿ ಎಳೆಗೆ ಕಂಡೀಷನರ್ ದಪ್ಪಗೆ ಮೆತ್ತಿ ಫಾಯಿಲ್ ಹಾಳೇಲೇ ಸುತ್ತಿಟ್ಟಿರು. ಕೆಂಪಿನ ನೀರು ತಿಳಿಯಾಗೋ ತನಕ ಅದನ್ನ ಬಿಚ್ಚಬೇಡ." ಪುಟ್ಟಿಗೆ ಈಗ ಮೂವತ್ತೊಂದು. ಈ ಪಾಠವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲಳು.

ಅವಳಿಗೆ ಬಣ್ಣದಕ್ಕ ಒಂದು ಗುಟ್ಟನ್ನೂ ಹೇಳಿದ್ದಳು. ಹಿಂದಿನ ವರ್ಷ ಒಂದು ಸಂಜೆ ಎರಡು ಕಂದು ಟ್ಯೂಬುಗಳ ಮೇಲಿನ ಅಕ್ಷರ ಕಾಣದೆ, ಯಾವುದು ಗಾಢ, ಯಾವುದು ತಿಳಿ ಎಂದು ಗೊತ್ತಾಗದೆ ಬಣ್ಣದಕ್ಕ ಗಾಬರಿಯಾಗಿದ್ದಳು. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು, ಎಲ್ಲ ಸರಿಹೋಯಿತು. "ಕಣ್ಣು ಮೋಸ ಮಾಡಿದ್ದನ್ನ ಪಾರ್ಲರಲ್ಲಿ ಯಾರಿಗೂ ಹೇಳ್ಬೇಡ" ಎಂದಿದ್ದಕ್ಕೆ ಪುಟ್ಟಿ, "ನಾನ್ಯಾಕೆ ಹೇಳ್ಲಿ ಅಕ್ಕಾ?" ಎಂದು ಕೈ ಅದುಮಿದ್ದಳು.

ಒಂದು ಬೆಳಿಗ್ಗೆ ನಿವೃತ್ತ ಬಸ್ ಕಂಡಕ್ಟರಮ್ಮ ಬಂದರು. "ಮೂವತ್ತು ವರ್ಷ ಒಂದೇ ಬಣ್ಣದ ಅಂಗಿ ಹಾಕ್ಕೊಂಡು ಸಾಕಾಗಿದೆ ತಾಯಿ. ನನ್ನ ತಲೆನಾದ್ರೂ ಗಿಳಿ ಥರ ಮಾಡು" ಎಂದರು. ಮುಂದೆ ಬೆಳ್ಳಿ, ನಡುವೆ ಕೆಂಪು, ಕೆಳಗೆ ನೀಲಿ. ಮೂರು ತಾಸು ಹಿಡಿಯಿತು. ತೊಳೆಯುವ ಹೊತ್ತಿಗೆ ಒಳಕೋಣೆಯ ಗಿರಾಕಿಯೊಬ್ಬರ ನೆತ್ತಿ ಉರಿಯುತ್ತಿದೆಯೆಂದು ಕೂಗು ಬಂತು. ಬಣ್ಣದಕ್ಕ ಪುಟ್ಟಿಯನ್ನು ಬೇಸಿನ್ ಬಳಿ ನಿಲ್ಲಿಸಿ ಅತ್ತ ಓಡಿದಳು.

ಹತ್ತು ನಿಮಿಷಕ್ಕೆ ಮರಳಿ ನೋಡಿದರೆ ಫಾಯಿಲುಗಳೆಲ್ಲ ಕಸದ ಬುಟ್ಟಿಯಲ್ಲಿ. ಬೇಸಿನ್ನಿನಲ್ಲಿ ಹಬೆಯಾಡುವ ನೀರು. ಬೆಳ್ಳಿ ಎಳೆಗಳು ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಅಷ್ಟರಲ್ಲಿ ಪಾರ್ಲರಿನ ಒಡತಿ ಬಂದು ನಿಂತಳು.

ಪುಟ್ಟಿ ತಲೆಯೆತ್ತದೆ ಹೇಳಿದಳು: "ಅಕ್ಕ ಹೇಳಿದ ಹಾಗೇ ಮಾಡಿದೆ ಮೇಡಂ. ಎಲ್ಲಾ ಬಿಚ್ಚಿ ಒಟ್ಟಿಗೆ ತೊಳಿ ಅಂದ್ಲು."

ಚಿಕ್ಕಂದಿನಿಂದ ಪುಟ್ಟಿ ಒಡೆದದ್ದು, ಚೆಲ್ಲಿದ್ದು ಎಲ್ಲವನ್ನೂ ತನ್ನ ತಲೆಗೇ ಕಟ್ಟಿಕೊಂಡು ಬಂದವಳು ಬಣ್ಣದಕ್ಕ; ಇದನ್ನೂ ಕಟ್ಟಿಕೊಂಡಳು. ಜಗಳ ಆಮೇಲಾದರೂ ಆಗಲಿ, ಕೂದಲು ಒಣಗಿದರೆ ಕೆಂಪು ಕಚ್ಚಿಕೊಂಡುಬಿಡುತ್ತದೆ. ಕೆಂಪು, ನೀಲಿಗಳನ್ನು ಬೇರೆ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದಳು. ಬೆಳ್ಳಿ ಎಳೆಗಳಿಗೆ ಮಾತ್ರ ಬಣ್ಣ ಎಳೆಯುವ ಗಟ್ಟಿ ಶಾಂಪೂ ಹಚ್ಚಿ, ನೊರೆ ಬಿಡಿಸಿ, ಮತ್ತೆ ಹಚ್ಚಿ, ಮತ್ತೆ ಬಿಡಿಸಿದಳು. ಐದನೆಯ ಸಲಕ್ಕೆ ಬೆಳ್ಳಿ ಮರಳಿತು. ಕಂಡಕ್ಟರಮ್ಮ ಕನ್ನಡಿಯಲ್ಲಿ ತಮ್ಮನ್ನು ತಾವೇ ನೋಡಿ ನಕ್ಕುಬಿಟ್ಟರು.

ಆದರೂ ಒಡತಿ ಬಣ್ಣದಕ್ಕನನ್ನು ಒಳಗೆ ಕರೆದಳು. "ಇನ್ಮೇಲೆ ನೀವು ತಲೆ ತೊಳೆಯೋದು, ಟವೆಲ್ ನೋಡ್ಕೊಳ್ಳೋದು ಮಾಡಿ. ನಿಮ್ಮ ಕಣ್ಣಿನ ವಿಷಯ ನಂಗೆ ಆರು ತಿಂಗಳಿಂದ ಗೊತ್ತು. ಪಾಪ, ನಿಮ್ಮ ತಂಗಿನೇ ಸಂಕಟಪಟ್ಟು ಹೇಳಿದ್ಲು. ನಿಮಗೇ ಕೊಡೋಣ ಅಂತಿದ್ದ ಹೊಸ ಬ್ರಾಂಚನ್ನ ಅವಳೇ ನೋಡ್ಕೊಳ್ತಾಳೆ."

ಆರು ತಿಂಗಳು! ಆ ಆರು ತಿಂಗಳೂ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಉಂಡಿದ್ದರು.

ಹಿಂದಿನ ಕೋಣೆಯಲ್ಲಿ ಪುಟ್ಟಿ ಒದ್ದೆ ಟವೆಲ್ ಹರವುತ್ತಿದ್ದಳು.

"ಯಾಕೆ ಹೀಗೆ ಮಾಡ್ದೆ?"

"ನಿಂಗೇನಕ್ಕಾ, ಊರೆಲ್ಲಾ ಹೆಸರಿದೆ. ಒಂದು ತಪ್ಪಿಗೆ ಅದೇನೂ ಹೋಗಲ್ಲ. ನೀನಿರೋ ತನಕ ನಾನು ಬಣ್ಣದಕ್ಕನ ತಂಗಿ ಅಷ್ಟೇ."

"ನನ್ನ ಹತ್ರ ಕೇಳಿದ್ದಿದ್ರೆ ಹೊಸ ಬ್ರಾಂಚಿನ ಕುರ್ಚಿ ನಾನೇ ಬಿಟ್ಟುಕೊಡ್ತಿದ್ನಲ್ಲೇ."

"ಅದೇ ಬೇಡಾಗಿತ್ತು ನಂಗೆ. ನೀನು ಕೊಟ್ಟಿದ್ದು."

ಬಣ್ಣದಕ್ಕ ತನ್ನ ಬಾಚಣಿಗೆ, ಕುಂಚಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು.

ಕಂಡಕ್ಟರಮ್ಮ ಸುಮ್ಮನಿರುವ ಪೈಕಿಯಲ್ಲ. ಮರುದಿನವೇ ಹೋಗಿ, "ನೀರು ಸುಡ್ತಿದೆ ಅಂತ ನಾನು ಎರಡು ಸಲ ಹೇಳಿದ್ದೆ. ಆ ಹುಡುಗಿ ಕಿವಿಗೇ ಹಾಕ್ಕೊಳ್ಳಲಿಲ್ಲ" ಎಂದು ಒಡತಿಗೆ ಹೇಳಿ ಬಂದರು. ಒಡತಿ ಕಾಫಿ ತರಿಸಿದಳಂತೆ, ಕ್ಷಮೆ ಕೇಳಿದಳಂತೆ. ಬಣ್ಣದಕ್ಕನಿಗೆ ಮಾತ್ರ ಅವಳಿಂದ ಒಂದು ಫೋನೂ ಬರಲಿಲ್ಲ. ಪುಟ್ಟಿ ಆ ವಾರವೇ ಹೊಸ ಬ್ರಾಂಚಿನ ಮೇಲಿನ ಕೋಣೆಗೆ ಬಿಡಾರ ಬದಲಿಸಿದಳು.

ಎರಡು ಬೀದಿ ಆಚೆ ಗಂಡಸರ ಕ್ಷೌರದಂಗಡಿಯೊಂದಿತ್ತು. ಅದರ ಮುದುಕ ಹಿಂಬದಿಯ ಕೋಣೆ ಬಿಟ್ಟುಕೊಟ್ಟ. "ನನ್ನ ಗಿರಾಕಿಗಳಿಗೆ ಕೂದಲೇ ಇಲ್ಲ, ಇನ್ನು ಬಣ್ಣ ಎಲ್ಲಿಂದ? ನೀನಾದ್ರೂ ಹಾಕು" ಎಂದ. ಮೊದಲ ತಿಂಗಳು ನೊಣ ಹೊಡೆದದ್ದೇ ಬಂತು. ಆಮೇಲೆ ಕಂಡಕ್ಟರಮ್ಮ ಗೆಳತಿಯರ ದಂಡನ್ನೇ ಕಟ್ಟಿಕೊಂಡು ಬಂದರು.

ವರ್ಷದ ಮೇಲೆ ಒಂದು ಮಧ್ಯಾಹ್ನ ಪುಟ್ಟಿ ಬಂದಳು. ತುಸು ಸೊರಗಿದ್ದಳು. ಕುರ್ಚಿಯಲ್ಲಿ ಕೂತು ಜಡೆ ಬಿಚ್ಚಿದಳು. "ನಂಗೂ ಬಣ್ಣ ಹಾಕಕ್ಕಾ. ನಿಂಗೆ ಯಾವುದು ಇಷ್ಟವೋ ಅದು."

ಬಣ್ಣದಕ್ಕನ ಕೈ ತಾನಾಗಿ ಆ ಕೂದಲಿನತ್ತ ಹೋಯಿತು. ಏಳು ವರ್ಷದ ಮಗುವಾಗಿದ್ದಾಗಿನಿಂದ ಎಣ್ಣೆ ಹಚ್ಚಿ ಬಾಚಿದ ಕೂದಲು. ಕೈಯನ್ನು ಹಿಂದೆ ತೆಗೆದುಕೊಂಡಳು.

"ಇವತ್ತು ಪುರುಸೊತ್ತಿಲ್ಲ."

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪುಟ್ಟಿ ಅದನ್ನು ನೋಡಿದಳು, ಜಡೆ ಹೆಣೆದುಕೊಂಡು ಎದ್ದಳು. "ನಾಳೆ ಬರ್ಲಾ?" ಎಂದು ಬಾಗಿಲಲ್ಲಿ ಕೇಳಿದಳು.

ಬಾ ಎನ್ನಲು ಬಣ್ಣದಕ್ಕನಿಗೆ ನಾಲಿಗೆ ಏಳಲಿಲ್ಲ, ಬೇಡ ಎನ್ನಲೂ ಆಗಲಿಲ್ಲ.